ಗಜೇಂದ್ರಗಡದಲ್ಲಿ ಸಮುದ್ರದ ನೀರು

ಕಾರವಾರದ ಮಾಸ್ತರರಿಗೆ ಖೋಲಿ ಕೊಡುವ ಮುಂಚೆ ಮನೆಯೊಡತಿ ಹಾಕಿದ ಕರಾರು ಒಂದೇ. ಹೊಸ್ತಿಲೊಳಗೆ ಮೀನು ಬರಕೂಡದು.

“ಹೊರಗ ಎಲ್ಲೆರ ತಿಂದ ಬರ್ರಿ, ನಾ ಕೇಳೂದಿಲ್ಲ. ಮನಿಯಾಗ ಮಾತ್ರ ಅದರ ವಾಸನಿ ಸೈತ ಬರಬಾರದು ನೋಡ್ರಿ” ಎಂದರು. ಮಾಸ್ತರರು ಆಗಲೆಂದು ತಲೆ ಆಡಿಸಿ ತಮ್ಮ ಟ್ರಂಕನ್ನು ಒಳಗೆ ಇಟ್ಟರು.

ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಕಾರವಾರದವರು ಗಜೇಂದ್ರಗಡಕ್ಕೆ ಬರುವುದು, ನಮ್ಮ ಕಡೆಯವರು ಎಲ್ಲೆಲ್ಲಿಗೋ ಹೋಗುವುದು ನೌಕರಿಯಲ್ಲಿ ಸಾಮಾನ್ಯವಾಗಿತ್ತು. ನಾನು ಮುಶಿಗೇರಿಯ ಒಕ್ಕಲುತನದ ಮನೆಯಿಂದ ಬಂದು ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ವಿಜ್ಞಾನ ಕಲಿಸಲು ಬಂದರು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಒಂದೇ ಖೋಲಿಯನ್ನು ಹಂಚಿಕೊಂಡೆವು.

ಅದು ನೇಕಾರರ ಮನೆ. ಲಿಂಗ ಕಟ್ಟಿಕೊಂಡ ಮನೆತನ, ಹಿಂದಿನ ಪಡಸಾಲೆಯಲ್ಲಿ ಕುಣಿಮಗ್ಗಗಳು, ಮುಂದಿನ ಖೋಲಿ ಬಾಡಿಗೆಗೆ. ಕುಣಿಮಗ್ಗವೆಂದರೆ ನೆಲದಲ್ಲಿ ಕುಣಿ ತೋಡಿ, ನೇಯುವವನು ಅದರ ಅಂಚಿನಲ್ಲಿ ಕುಳಿತು, ಕಾಲು ಕೆಳಗೆ ಇಳಿಬಿಟ್ಟು ಹಲಗೆ ತುಳಿಯುವ ಮಗ್ಗ. ಯಜಮಾನರು ಮಾತು ಕಡಿಮೆಯ ಮನುಷ್ಯ. ಅವರ ಹೆಂಡತಿ ನಮಗೆಲ್ಲ ಅಕ್ಕಾರು. ನರಗುಂದದಲ್ಲಿ ಹುಟ್ಟಿ ಈ ಮನೆಗೆ ಬಂದವರು. ನೂಲಿನ ವ್ಯಾಪಾರಿಯ ಜೊತೆ ಮಾತಾಡುವುದು, ಕೂಲಿಯವರನ್ನು ನೋಡಿಕೊಳ್ಳುವುದು, ಬಾಡಿಗೆಯವರ ನಡತೆ ಗಮನಿಸುವುದು, ಎಲ್ಲವೂ ಅವರದೇ. ಮಕ್ಕಳಿರಲಿಲ್ಲ. ಅದನ್ನು ಅವರು ಒಮ್ಮೆಯೂ ನಮ್ಮೆದುರು ಎತ್ತಿದವರಲ್ಲ.

ಕಾರವಾರದ ಮಾಸ್ತರರು ಎತ್ತರದ, ತೆಳ್ಳಗಿನ ಆಳು. ಮನೆಮಾತು ಕೊಂಕಣಿಯಾದ್ದರಿಂದ ಅವರ ಕನ್ನಡ ಪುಸ್ತಕದ ಕನ್ನಡದಂತೆ ಕೇಳುತ್ತಿತ್ತು. ರವಿವಾರ ಬೆಳಿಗ್ಗೆ ಗುಡ್ಡ ಹತ್ತಿ ಕೋಟೆಯ ಮೇಲೆ ಪಡುವಣಕ್ಕೆ ಮುಖಮಾಡಿ ಕುಳಿತುಬಿಡುತ್ತಿದ್ದರು. ಒಂದೆರಡು ಸಲ ನಾನೂ ಜೊತೆಗೆ ಹೋದೆ. ಕೆಳಗೆ ಜೋಳದ ಹೊಲ, ಎರೆಭೂಮಿ, ಅದರಾಚೆ ಮತ್ತೆ ಎರೆಭೂಮಿ.

“ಇಲ್ಲಿಂದ ಏನು ಕಾಣಿಸುತ್ತದೆ ನಿಮಗೆ?” ಎಂದು ಕೇಳಿದೆ.

“ಏನೂ ಇಲ್ಲ” ಎಂದರು.

ದಸರೆಯ ಹೊತ್ತಿಗೆ ಅವರ ತಲೆಗೆ ಗಾಜಿನ ಪೆಟ್ಟಿಗೆಯ ವಿಚಾರ ಬಂತು. ಕಾಲೇಜಿನಲ್ಲಿ ಅವರ ಪ್ರಾಧ್ಯಾಪಕರೊಬ್ಬರು ಗಾಜಿನ ಪೆಟ್ಟಿಗೆಯೊಂದರಲ್ಲಿ ಸಮುದ್ರದ ನೀರು ತುಂಬಿ, ಮರಳು, ಕಲ್ಲು ಹಾಕಿ, ಜೀವಂತ ಮೀನು ಇಟ್ಟಿದ್ದರಂತೆ. ಹಾಗೆ ಒಂದನ್ನು ಮಾಡಿದರೆ ಹುಡುಗರಿಗೂ ತೋರಿಸಬಹುದು ಎಂದರು. ಹುಡುಗರ ಮಾತು ನೆಪವೆಂದು ನನಗೆ ಅನಿಸಿತು, ಆದರೆ ಹೇಳಲಿಲ್ಲ. ಸಾಲೆಯಲ್ಲಿ ಇಡಲು ಸುರಕ್ಷಿತವಾದ ಜಾಗ ಇರಲಿಲ್ಲ. ಉಳಿದದ್ದು ನಮ್ಮ ಖೋಲಿ. ಅದಕ್ಕೆ ಅಕ್ಕಾರ ಒಪ್ಪಿಗೆ ಬೇಕು.

ಅಕ್ಕಾರು ಕಟ್ಟೆಯ ಮೇಲೆ ಕುಳಿತು ರಾಟೆಯಿಂದ ನೂಲು ಸುತ್ತುತ್ತಿದ್ದರು.

“ಅಕ್ಕಾ, ಒಂದು ಮಾತು ಕೇಳಬೇಕಿತ್ತು. ಮನೆಗೆ ಮೀನು ತರಬಹುದೇ?” ಎಂದರು ಮಾಸ್ತರರು.

ರಾಟೆ ನಿಂತಿತು. “ಏನಂದ್ರಿ?”

“ತಿನ್ನಲಿಕ್ಕೆ ಅಲ್ಲ. ಸಾಕಲಿಕ್ಕೆ.”

“ಸಾಕಾಕ ಅದೇನ ಎಮ್ಮಿ ಏನ್ರಿ?”

“ಗಾಜಿನ ಪೆಟ್ಟಿಗೆಯಲ್ಲಿ, ನೀರಿನಲ್ಲಿ ಇರುತ್ತದೆ. ಸುಮ್ಮನೆ ನೋಡುವುದು. ವಾಸನೆ ಏನೂ ಬರುವುದಿಲ್ಲ.”

ಅಕ್ಕಾರು ನನ್ನ ಮುಖ ನೋಡಿದರು, ಇದು ಖರೇ ಏನು ಎಂಬಂತೆ. ನನಗೆ ಏನೂ ಗೊತ್ತಿರಲಿಲ್ಲ, ಭುಜ ಕುಣಿಸಿದೆ.

“ಜೀವ ಇರೂತನಕ ಇರಲಿ. ಸತ್ತರ ಮಾತ್ರ ನನ್ನ ಮನಿಯಾಗ ಇಡಬ್ಯಾಡ್ರಿ” ಎಂದು ಮತ್ತೆ ರಾಟೆ ತಿರುಗಿಸಿದರು.

ಪೆಟ್ಟಿಗೆಯ ಸಾಗವಾನಿ ಚೌಕಟ್ಟನ್ನು ರೋಣದ ಬಡಿಗರೊಬ್ಬರು ಮಾಡಿಕೊಟ್ಟರು. ಕಬ್ಬಿಣ ಬೇಡ, ಉಪ್ಪುನೀರಿಗೆ ತುಕ್ಕು ಹಿಡಿದು ವಿಷವಾಗುತ್ತದೆ ಎಂದು ಮಾಸ್ತರರ ಹಟ. ಊರಿಗೆ ಹೋಗಿದ್ದ ನಾನು ಬರುವಾಗ ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ದೇವರ ಪಟಗಳಿಗೆ ಕಟ್ಟು ಹಾಕುವವರಿಂದ ಗಾಜು ಕೊರೆಸಿ, ಡಾಂಬರಿನಲ್ಲಿ ರಾಳ ಕಾಯಿಸಿ ಸಂದಿಗೆ ಮೆತ್ತಿದೆವು. ಬಾವಿಯ ನೀರು ತುಂಬಿ ನೋಡಿದರೆ ಮೂಲೆಯಿಂದ ಸೋರಿತು. ಒಣಗಿಸಿ ಮತ್ತೆ ಮೆತ್ತಿದೆವು, ಮತ್ತೆ ಸೋರಿತು. ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಸಾಹೇಬರು ಬಂದು ಪಂಕ್ಚರ್ ಹಚ್ಚುವ ಸೊಲ್ಯೂಶನ್ ಬಳಿದು, “ಇನ್ನ ಇದು ಸೋರಿದರ ನಾ ಅಂಗಡಿ ಮುಚ್ಚತೀನಿ” ಎಂದರು. ಮರುದಿನ ಅದೂ ಸೋರಿತು. ಅಂಗಡಿ ಮಾತ್ರ ತೆರೆದೇ ಇತ್ತು. ಕೊನೆಗೆ ಡಾಂಬರನ್ನು ದಪ್ಪಗೆ ಸುರಿದಾಗ ನಿಂತಿತು. ಪೆಟ್ಟಿಗೆ ನೋಡಲು ಚೆಂದವಾಗಿ ಉಳಿಯಲಿಲ್ಲ.

ದೀಪಾವಳಿ ಸೂಟಿಗೆ ಮಾಸ್ತರರು ಊರಿಗೆ ಹೋದರು. ಬರುವಾಗ ಅವರನ್ನು ಎದುರುಗೊಳ್ಳಲು ನಾನು ಗದಗ ಸ್ಟೇಶನ್ನಿಗೆ ಹೋಗಬೇಕಾಯಿತು, ಯಾಕೆಂದರೆ ಸಾಮಾನು ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ ಎಂದು ಕಾಗದ ಬರೆದಿದ್ದರು. ಹುಲ್ಲಿನ ಸಿಂಬಿಯಲ್ಲಿ ಕೂರಿಸಿದ ಚೀನಿಮಣ್ಣಿನ ಭರಣಿಗಳು, ಬಾಯಿಗೆ ಬಟ್ಟೆ ಬಿಗಿದು ಮೇಣ ಹಾಕಿದ್ದವು. ಒಂದು ಚೀಲ ಹಸಿ ಮರಳು. ಹಸಿ ಗೋಣಿಯಲ್ಲಿ ಸುತ್ತಿದ, ಪಾಚಿ ಹಿಡಿದ ಕಲ್ಲುಗಳು.

“ಉಪ್ಪಿನಕಾಯಿ ಏನ್ರಿ?” ಎಂದು ಹಮಾಲ ಕೇಳಿದ.

“ಉಪ್ಪು ಅದೆ. ಕಾಯಿ ಇಲ್ಲ” ಎಂದರು ಮಾಸ್ತರರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಮರಳು ಹರಡಿ, ಕಲ್ಲು ಜೋಡಿಸಿ, ಭರಣಿಯಲ್ಲಿ ತಂದ ಸಮುದ್ರದ ನೀರನ್ನು ಸುರಿದೆವು. ಮನೆಯವರೂ ಮಗ್ಗದ ಕೂಲಿಯವರೂ ಬಾಗಿಲಲ್ಲಿ ನಿಂತಿದ್ದರು. ಆ ಮನೆಯಲ್ಲಿ ಯಾರೂ ಸಮುದ್ರ ನೋಡಿದವರಲ್ಲ, ನಾನೂ ನೋಡಿದವನಲ್ಲ. ಅಕ್ಕಾರು ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡರು.

“ಇದನ್ನ ತರಾಕ ಅಷ್ಟ ದೂರ ಹೋಗಿದ್ರೇನ್ರಿ? ನಮ್ಮ ತವರಮನಿ ಬಾವಿ ನೀರು ಇದರ ತಂಗಿ ನೋಡ್ರಿ. ನರಗುಂದದಾಗ ಸವಳ ನೀರಿಗೆ ಬರ ಇಲ್ಲ.”

ಎರಡೂ ಒಂದೇ ಉಪ್ಪಲ್ಲ ಎಂದು ಮಾಸ್ತರರು ವಿವರಿಸಲು ಹೋದರು. ಅಕ್ಕಾರು ಅಷ್ಟರಲ್ಲಿ ಒಲೆಯ ಕಡೆ ಹೋಗಿದ್ದರು.

ಇನ್ನು ಮೀನು ಬಿಡುವುದೇ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಹೊಸ ನೀರಿಗೆ ಮೀನು ಬಿಟ್ಟರೆ ಸಾಯುತ್ತದೆ ಎಂದರು. ಮೀನು ತಿಂದು ಉಳಿಸಿದ್ದು, ಅದರ ಹೇಲು ಉಚ್ಚೆ, ಎಲ್ಲ ಆ ನೀರಿನಲ್ಲಿಯೇ ಇರುತ್ತದೆ. ಸಮುದ್ರವಾದರೆ ದೊಡ್ಡದು, ಹರಡಿಹೋಗುತ್ತದೆ. ಪೆಟ್ಟಿಗೆಯಲ್ಲಿ ಅದೇ ವಿಷ. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳಿವೆಯಲ್ಲ, ಅಂಥವು ಈ ಮರಳಿನಲ್ಲಿಯೂ ಬೆಳೆಯಬೇಕು. ಅವು ಬೆಳೆದ ಮೇಲೆ ಮೀನು.

“ಅವು ಬೆಳೆಯುವುದು ಯಾವಾಗ?”

“ಅವುಗಳ ಮನಸ್ಸು ಬಂದಾಗ.”

ನೀರಿಗೆ ಗಾಳಿಯೂ ಬೇಕು. ಊರಲ್ಲಿ ನಮ್ಮ ಓಣಿಗೆ ವಿದ್ಯುತ್ತಿನ ಮಾತೇ ಇರಲಿಲ್ಲ. ಸೈಕಲ್ ಅಂಗಡಿಯ ಸಾಹೇಬರೇ ಇದಕ್ಕೂ ಕೈ ಹಾಕಿದರು. ಹಳೆಯ ಲಾರಿ ಟ್ಯೂಬೊಂದನ್ನು ತಂದು ಗೋಡೆಗೆ ಒರಗಿಸಿ, ಅದರ ಬಾಯಿಗೆ ಸೈಕಲ್ಲಿನ ವಾಲ್‌ಟ್ಯೂಬನ್ನು ಉದ್ದಕ್ಕೆ ಜೋಡಿಸಿ, ತುದಿಗೆ ಬೆತ್ತದ ತುಂಡು ಸಿಕ್ಕಿಸಿ ನೀರಲ್ಲಿ ಇಳಿಬಿಟ್ಟರು. ಮುಂಜಾನೆ ಸಂಜೆ ಪಂಪು ಹೊಡೆದು ಟ್ಯೂಬು ಉಬ್ಬಿಸಿದರೆ ಬೆತ್ತದ ರಂಧ್ರಗಳಿಂದ ಸಾಸಿವೆ ಕಾಳಿನಂಥ ಗುಳ್ಳೆ ಏಳುತ್ತಿದ್ದವು. ಪಂಪು ಹೊಡೆಯುವ ಕೆಲಸದಲ್ಲಿ ಸಂಜೆಯ ಪಾಳಿ ನನಗೆ ಬಂತು. ಕಾಲು ಚಾಚಲು ಜಾಗವಿಲ್ಲದ ಖೋಲಿಯಲ್ಲಿ ನೀರೇ ಇದ್ದು ಮೀನಿಲ್ಲದ ಪೆಟ್ಟಿಗೆಗೆ ಗಾಳಿ ಹೊಡೆಯುತ್ತಿದ್ದೇನೆ ಎಂಬುದು ಆಗಾಗ ನೆನಪಾಗುತ್ತಿತ್ತು.

ಹೆಡ್‌ಮಾಸ್ತರರು ಸುದ್ದಿ ಕೇಳಿ ನೋಡಲು ಬಂದರು. ಟೋಪಿ ತೆಗೆದು ಬಗ್ಗಿ ಗಾಜಿಗೆ ಮೂಗು ಹಚ್ಚಿದರು.

“ಮೀನ ಎಲ್ಲಿ ಅದಾವ್ರಿ?”

“ಇನ್ನೂ ತಂದಿಲ್ಲ.”

“ಮತ್ತ ಇದರಾಗ ಏನೈತಿ?”

“ನೀರು.”

ಅವರು ಟೋಪಿ ಹಾಕಿಕೊಂಡು ಚಹಾ ಕುಡಿಯದೇ ಹೋದರು. ಮರುದಿನದಿಂದ ಸಾಲೆಯಲ್ಲಿ ಉಳಿದ ಮಾಸ್ತರರು ನಮ್ಮ ನೀರಿನ ಆರೋಗ್ಯ ವಿಚಾರಿಸತೊಡಗಿದರು.

ನೀರಿನ ಆರೋಗ್ಯ ಖರೇನೇ ಕೆಟ್ಟಿತ್ತು. ಮರಳಿನ ಜೀವಿಗಳಿಗೂ ಊಟ ಬೇಕೆಂದು ಮಾಸ್ತರರು ಸಿಗರೇಟಿನ ಡಬ್ಬಿಯೊಂದರಿಂದ ಏನನ್ನೋ ತೆಗೆದು ನೀರಿಗೆ ಹಾಕಿದ್ದನ್ನು ನಾನು ನೋಡಿದ್ದೆ. ಒಣಗಿಸಿದ ಸಿಗಡಿ. ಅಕ್ಕಾರಿಗೆ ಕೊಟ್ಟ ಮಾತಿನ ಪ್ರಕಾರ ಅದು ಆ ಮನೆಯಲ್ಲಿ ಇರಬಾರದ ವಸ್ತು. ಎರಡು ಮೂರು ದಿನದಲ್ಲಿ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಆಮೇಲೆ ನಾತ ಸುರುವಾಯಿತು. ಮೊದಲು ನಮ್ಮ ಖೋಲಿಗೆ, ಆಮೇಲೆ ಪಡಸಾಲೆಗೆ, ಆಮೇಲೆ ಅಡಿಗೆಮನೆಗೆ.

ಅಕ್ಕಾರು ಬಂದದ್ದು ಮಧ್ಯಾಹ್ನ ನಾವು ಸಾಲೆಯಿಂದ ಊಟಕ್ಕೆ ಬಂದಾಗ. ಮೂಗಿಗೆ ಸೆರಗು ಹಿಡಿದಿದ್ದರು.

“ಮಾಸ್ತರ, ಮೀನ ಇನ್ನೂ ಬಂದಿಲ್ಲ ಅಂತೀರಿ. ಮತ್ತ ಸತ್ತದ್ದು ಯಾವುದು?”

ಮಾಸ್ತರರು ಸುಳ್ಳು ಹೇಳಲಿಲ್ಲ. ಡಬ್ಬಿ ತೆರೆದು ತೋರಿಸಿದರು. ಅದು ಸಿಗಡಿ, ಬೇಕೆಂದೇ ಕೊಳೆಸುತ್ತಿದ್ದೇನೆ, ಅದು ಕೊಳೆತರೆ ನೀರು ಹದಕ್ಕೆ ಬರುತ್ತದೆ ಎಂದರು. ಬೇರೆ ಯಾವ ಉತ್ತರ ಕೊಟ್ಟಿದ್ದರೂ ಅಕ್ಕಾರಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ನೀವ ಕಲಿತಾವ್ರು. ಕೊಳೆತರ ಶುದ್ಧ ಆಗತೈತಿ ಅಂತ ನನಗ ಹೇಳಾಕ ಬರತೀರಿ? ಮಾತ ಕೊಟ್ಟ ಮ್ಯಾಲೆ ಡಬ್ಬ್ಯಾಗ ಮುಚ್ಚಿ ತಂದ್ರಿ. ಇದನ್ನ ಇವತ್ತ ಹೊರಗ ಚಲ್ಲರಿ. ಇಲ್ಲಾಂದ್ರ ಖೋಲಿ ಬಿಡ್ರಿ.”

ಮಾಸ್ತರರ ಮುಖ ಸಣ್ಣದಾಯಿತು. ಅವರು ತಟ್ಟೆ ಬದಿಗೆ ಸರಿಸಿ ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ ನಿಂತರು. ಚೆಲ್ಲುವುದಕ್ಕೇ ಎದ್ದಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಆಗ ಪಡಸಾಲೆಯ ಮಗ್ಗದ ಸದ್ದು ನಿಂತಿತು. ಯಜಮಾನರು ಕುಣಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದು ಮೂಸಿದರು.

“ನಮ್ಮಪ್ಪ ಇದ್ದಾಗ ನೀಲಿ ಬಾನಿ ಕೂಡಸ್ತಿದ್ದ. ನಿನಗ ಗೊತ್ತಿಲ್ಲ, ನೀ ಬರೂಕಿಂತ ಮೊದಲಿನ ಮಾತು” ಎಂದು ಹೆಂಡತಿಗೆ ಹೇಳಿದರು. “ನೀಲಿ, ಸುಣ್ಣ, ಬೆಲ್ಲ ಹಾಕಿ ಬಾನಿ ಮುಚ್ಚಿ ಇಡೂದು. ಅದು ಕೊಳೀಬೇಕು. ಇದಕ್ಕಿಂತ ಹೆಚ್ಚಿನ ನಾತ ಹೊಡೀತಿತ್ತು. ಅದು ಹದಕ್ಕ ಬರೂತನಕ ನೂಲ ಹಾಕಿದರ ಬಣ್ಣ ಹತ್ತೂದಿಲ್ಲ. ನಮ್ಮವ್ವ ದಿನಾ ಜಗಳಾ ತಗೀತಿದ್ಲು.”

“ಅದು ಹೊಟ್ಟಿ ಪಾಡು. ಇದು ಏನ?”

ಯಜಮಾನರು “ಇರಲಿ ಬಿಡು, ಪರಸ್ಥಳದಾವ್ರು” ಎಂದು ಹೇಳಿ ಕುಣಿಗೆ ಇಳಿದರು. ಮಗ್ಗದ ಸದ್ದು ಮತ್ತೆ ಸುರುವಾಯಿತು.

ಅಕ್ಕಾರು ಆ ಡಬ್ಬಿಯನ್ನು ಮಾತ್ರ ಊರ ಹೊರಗೆ ಚೆಲ್ಲಿ ಬರಬೇಕೆಂದು ಅಪ್ಪಣೆ ಮಾಡಿ ಹೋದರು. ಚೆಲ್ಲಿ ಬಂದೆವು. ನೀರು ಉಳಿಯಿತು. ಆದರೆ ಅನೇಕ ದಿನ ಅವರು ಮಾಸ್ತರರ ಜೊತೆ ಮಾತಾಡಲಿಲ್ಲ. ಏನಿದ್ದರೂ “ನಿಮ್ಮ ಗೆಳ್ಯಾಗ ಹೇಳ್ರಿ” ಎಂದು ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು. ಮಾಸ್ತರರು ನಿಲ್ಲುವುದು, ಕೂರುವುದು, ಬಕೆಟ್ಟು ಇಡುವುದು ಎಲ್ಲ ಸದ್ದಿಲ್ಲದೆ ಮಾಡತೊಡಗಿದರು. ಮೀನು ಇಲ್ಲದಿದ್ದರೂ ಆದೀತು, ಈ ಮನೆಯಲ್ಲಿ ಮಾತು ಕೆಡಿಸಿಕೊಳ್ಳಬಾರದಿತ್ತು ಎಂದು ಒಂದು ಸಂಜೆ ಪಂಪು ಹೊಡೆಯುತ್ತಿದ್ದ ನನಗೆ ಹೇಳಿದರು.

ನಾತ ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ. ಚಳಿ ಬಿದ್ದಿತ್ತು. ಒಂದು ಮುಂಜಾನೆ ಗಾಜಿನಾಚೆಯ ಗೋಡೆಯ ಮೊಳೆ ಸ್ಪಷ್ಟ ಕಂಡಿತು, ನೀರು ತಿಳಿಯಾಗಿತ್ತು. ಆಮೇಲೆ ಗಾಜಿನ ಒಳಮೈಗೆ, ಕಲ್ಲಿಗೆ, ಮರಳಿಗೆ ಕಂದು ಬಣ್ಣದ ಲೋಳೆ ಹಿಡಿಯಿತು. ಕೆಟ್ಟಿತು ಎಂದುಕೊಂಡೆ. ಒಳ್ಳೆಯದಾಯಿತು ಎಂದರು ಮಾಸ್ತರರು. ಈ ವಿಷಯದಲ್ಲಿ ಕೆಡುವುದು ಯಾವುದು, ಒಳ್ಳೆಯದು ಯಾವುದು ಎಂಬುದನ್ನು ತಿಳಿಯುವ ಪ್ರಯತ್ನವನ್ನೇ ನಾನು ಬಿಟ್ಟೆ. ನಮ್ಮ ಒಣಹವೆಗೆ ನೀರು ದಿನವೂ ಇಳಿಯುತ್ತಿತ್ತು. ಹಾರಿಹೋಗುವುದು ನೀರು ಮಾತ್ರ, ಉಪ್ಪು ಉಳಿದು ಗಟ್ಟಿಯಾಗುತ್ತದೆ ಎಂದು ಗಾಜಿನ ಮೇಲೆ ಗೆರೆ ಎಳೆದು, ಇಳಿದಷ್ಟನ್ನು ಗುಡ್ಡದ ಮೇಲಿನ ಹೊಂಡದ ಸಿಹಿನೀರಿನಿಂದ ತುಂಬುತ್ತಿದ್ದರು.

ಅದನ್ನು ಮೊದಲು ಕಂಡದ್ದು ಅಕ್ಕಾರು. ಖೋಲಿ ಗುಡಿಸಲು ಬಂದವರು ಕಸಬರಿಗೆ ಹಿಡಿದುಕೊಂಡೇ ಗಾಜಿನ ಮುಂದೆ ಕುಳಿತುಬಿಟ್ಟಿದ್ದರು. ಮಾತು ಬಿಟ್ಟದ್ದು ಮರೆತು ನೇರವಾಗಿ ಮಾಸ್ತರರನ್ನೇ ಕರೆದರು.

“ಮಾಸ್ತರ, ಲಗೂ ಬರ್ರಿ. ಇದರಾಗ ಏನೋ ಓಡ್ಯಾಡಾಕ ಹತ್ತೇತಿ.”

ಗಾಜಿನ ಮೇಲೆ ಸುಣ್ಣದ ಚುಕ್ಕಿಯಂಥವು, ತಟಕ್ಕನೆ ಜಿಗಿದು ನಿಲ್ಲುತ್ತಿದ್ದವು. ಯಜಮಾನರು ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿಯನ್ನು ತಂದರು. ಸರದಿಯ ಮೇಲೆ ಎಲ್ಲರೂ ನೋಡಿದೆವು. ಒಂದೊಂದಕ್ಕೂ ಕಾಲಿದ್ದವು, ಮೀಸೆ ಇದ್ದವು, ಕೆಲವಕ್ಕೆ ಹಿಂದೆ ತತ್ತಿಯ ಚೀಲಗಳಿದ್ದವು.

“ಇವನ್ನ ಯಾವಾಗ ಬಿಟ್ರಿ?”

“ನಾನು ಬಿಟ್ಟಿಲ್ಲ ಅಕ್ಕಾ. ಕಲ್ಲಿನ ಸಂದಿಯಲ್ಲಿ, ಮರಳಿನಲ್ಲಿ ಹೇಗೋ ಉಳಿದು ಬಂದಿವೆ. ಈಗ ನೀರು ಹದವಾಯಿತು, ಸಂಸಾರ ಹೂಡಿವೆ.”

ಅಕ್ಕಾರು ಭೂತಗನ್ನಡಿಯನ್ನು ಬಹಳ ಹೊತ್ತು ಯಾರಿಗೂ ಕೊಡಲಿಲ್ಲ. “ಆ ನಾತದಾಗ ಹ್ಯಾಂಗ ಬದುಕಿದುವು ಅಂತೇನಿ” ಎಂದರು. ಅಂದು ಸಂಜೆ ಮಾಸ್ತರರ ಪಾಲಿಗೂ ಮಾದೆಲಿಯ ಸಿಹಿ ಬಂತು.

ಸಂಕ್ರಾಂತಿಗೆ ಮಾಸ್ತರರು ಮತ್ತೆ ಊರಿಗೆ ಹೋಗಿ ಜೀವಿಗಳನ್ನು ತಂದರು. ಹೊರಡುವಾಗ ಬಣ್ಣಬಣ್ಣದ ಮೀನು, ಹೂವಿನಂತೆ ಅರಳುವ ಪ್ರಾಣಿ, ಎಲ್ಲದರ ಮಾತು ಹೇಳಿದ್ದರು. ಆದರೆ ಬಸ್ಸಿನವನು ಭರಣಿಗಳನ್ನು ಒಳಗೆ ಬಿಡಲಿಲ್ಲ. ಮೇಲೆ ಬಿಸಿಲಿಗೆ, ಘಟ್ಟದ ತಿರುವುಗಳಿಗೆ ಎರಡು ಉರುಳಿ ಬಿದ್ದವು, ಒಂದರಲ್ಲಿ ನೀರು ಕಾಯ್ದು ಎಲ್ಲವೂ ಸತ್ತವು. ಗಜೇಂದ್ರಗಡ ಮುಟ್ಟಿದ್ದು ಶಂಖದೊಳಗೆ ಮನೆ ಮಾಡಿಕೊಂಡಿರುವ ಎರಡು ಸಣ್ಣ ಏಡಿ, ಮತ್ತೆ ಬೆರಳುದ್ದದ ಒಂದು ಮೀನು. ಅದರ ಬಣ್ಣ ಮಣ್ಣಿನದು. ಮುಖ ಕಪ್ಪೆಯದು.

ಓಣಿಯವರು, ನೂಲಿನ ವ್ಯಾಪಾರಿ, ಸೈಕಲ್ ಅಂಗಡಿಯ ಸಾಹೇಬರು, ಅವರ ಮನೆಯ ಹೆಣ್ಣುಮಕ್ಕಳು, ಹೆಡ್‌ಮಾಸ್ತರರು, ಎಲ್ಲರೂ ಬಂದು ನೋಡಿದರು. “ಇಷ್ಟೇ ಏನ್ರಿ?” ಎಂದು ಯಾರೋ ಅಂದರು. ಮಾಸ್ತರರು ತಲೆ ತಗ್ಗಿಸಿದರು. ಅಕ್ಕಾರು ಮಾತ್ರ ಬಾಗಿಲಿಂದ, “ಹೊಸಾ ಮನಿಗೆ ಮೊದಲಿಗೆ ಯಾರರ ಹಿಂಡ ಕಟಕೊಂಡ ಬರ್ತಾರೇನ್ರಿ?” ಎಂದು ಆ ಮಾತಾಡಿದವರ ಬಾಯಿ ಮುಚ್ಚಿಸಿದರು.

ಮೂರೂ ಬದುಕಿದವು. ಕಪ್ಪೆಮುಖದ ಮೀನು ಕಲ್ಲಿನ ಕೆಳಗೆ ಗುಳಿ ಮಾಡಿಕೊಂಡು ಬಾಯಲ್ಲಿ ಮರಳು ತುಂಬಿ ಹೊರಗೆ ಉಗುಳುತ್ತಿತ್ತು. ಏಡಿಗಳು ದಿನವಿಡೀ ಕಂದು ಲೋಳೆಯನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ನೋಡುವುದಕ್ಕೆ ಮತ್ತೇನೂ ಇರಲಿಲ್ಲ. ಆದರೂ ಖೋಲಿಗೆ ಬಂದವರು ಬೇಗ ಏಳುತ್ತಿರಲಿಲ್ಲ.

ಒಂದು ರವಿವಾರ ಮಾಸ್ತರರು ಗುಡ್ಡಕ್ಕೆ ಹೋಗಿದ್ದರು. ನಾನು ಹುಡುಗರ ಪೇಪರು ತಿದ್ದುತ್ತಾ ಕುಳಿತಿದ್ದೆ. ಪಡಸಾಲೆಯಿಂದ ಯಜಮಾನರ ಕೂಗು ಕೇಳಿತು. “ಚೇಳ! ಚೇಳ!” ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಅವರು ಕುಣಿಯಿಂದ ಮೇಲೆ ಹಾರಿ ನಿಂತಿದ್ದರು. ಕಾಲ ಮೇಲೆ ಏನೋ ಹರಿಯಿತಂತೆ. ಅಕ್ಕಾರು ಇಕ್ಕಳ ಹಿಡಿದು ಬಂದು ಕುಣಿಯೊಳಗೆ ಬಗ್ಗಿ ನೋಡಿ ಇಕ್ಕಳವನ್ನು ಬದಿಗೆ ಎಸೆದರು.

“ಚೇಳ ಅಲ್ರೀ ಇದು! ನಮ್ಮದು!”

ಗಾಳಿಯ ರಬ್ಬರು ನಳಿಗೆಯನ್ನು ಹಿಡಿದು ಏಡಿಯೊಂದು ಪೆಟ್ಟಿಗೆಯಿಂದ ಹೊರಗೆ ಹತ್ತಿಕೊಂಡಿತ್ತು. ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಕುಣಿಗೆ ಬಿದ್ದಿತ್ತು. ಮೈತುಂಬ ಅರಳೆಯ ಧೂಳು, ಕಾಲಿಗೆಲ್ಲ ನೂಲಿನ ಎಳೆ. ಅಕ್ಕಾರು ಕುಣಿಗೆ ಇಳಿದು ಅದನ್ನು ಸೆರಗಿನಲ್ಲಿ ಎತ್ತಿಕೊಂಡರು. ಮೀನಿನ ಜಾತಿಯದನ್ನು ಅವರು ಮುಟ್ಟಿದ್ದು ಜನ್ಮದಲ್ಲೇ ಮೊದಲು ಇರಬೇಕು. ಯಜಮಾನರು ಕೈ ಒರೆಸಿಕೊಂಡು ಕುಳಿತು, ಮಗ್ಗದಲ್ಲಿ ಹರಿದ ಹಾಸಿನ ಎಳೆ ಬಿಡಿಸುವ ತಾಳ್ಮೆಯಿಂದಲೇ ಒಂದೊಂದು ಕಾಲಿನ ನೂಲನ್ನೂ ಉಗುರಿನಿಂದ ಬಿಡಿಸಿದರು. ನೀರಿಗೆ ಬಿಟ್ಟ ಮೇಲೆ ಅದು ಶಂಖದೊಳಗೆ ಸೇರಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಮೂವರೂ ಕಾಯುತ್ತಾ ಕುಳಿತೆವು. ಮೊದಲು ಒಂದು ಮೀಸೆ ಬಂತು.

“ಬಂತ್ರಿ” ಎಂದರು ಯಜಮಾನರು, ಎದ್ದು ಮಗ್ಗಕ್ಕೆ ಹೋದರು.

ಹೋಳಿಹುಣ್ಣಿಮೆ ದಾಟುತ್ತಲೇ ಬಿಸಿಲು ಏರಿತು. ಪೆಟ್ಟಿಗೆಗೆ ಹಸಿ ಬಟ್ಟೆ ಸುತ್ತಿದೆವು, ಮಧ್ಯಾಹ್ನ ಕಿಡಿಕಿ ಮುಚ್ಚಿದೆವು, ಟ್ಯೂಬಿಗೆ ಇಮ್ಮಡಿ ಗಾಳಿ ಹೊಡೆದೆವು. ಆದರೂ ಒಂದು ದಿನ ಮೀನು ಹೊಟ್ಟೆ ಮೇಲಾಗಿ ತೇಲಿತು. ಮಾಸ್ತರರು ಅದನ್ನು ಎಲೆಯ ಮೇಲೆ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತರು. ಮನೆಯಲ್ಲಿ ಇಡಬಾರದೆಂಬ ಮಾತು ಅವರಿಗೆ ನೆನಪಿತ್ತು.

“ಹಿತ್ತಲದಾಗ ಮಣ್ಣ ಕೊಡ್ರಿ. ನಮ್ಮಲ್ಲಿ ಸುಡೂದಿಲ್ಲ” ಎಂದರು ಅಕ್ಕಾರು. ಹಾಗೆಯೇ ಮಾಡಿದೆವು.

ಉಳಿದ ಏಡಿಗಳನ್ನು ಬೇಸಿಗೆಯಲ್ಲಿ ಉಳಿಸುವುದು ಆಗದೆಂದು ಮಾಸ್ತರರು ನಿರ್ಧರಿಸಿದರು. ಸೂಟಿ ಬಿಟ್ಟ ಕೂಡಲೇ ತೆಗೆದುಕೊಂಡು ಹೋಗಿ ಸಮುದ್ರಕ್ಕೆ ಬಿಡುವುದು. ಅದನ್ನು ಕೇಳಿದ ಅಕ್ಕಾರು ಮರುದಿನ ಗೋಕರ್ಣದ ಮಾತು ತೆಗೆದರು. ಲಗ್ನವಾದಾಗಿನಿಂದ ಗೋಕರ್ಣಕ್ಕೆ ಹೋಗಬೇಕೆಂದು ಇದೆ, ಜೊತೆ ಸಿಕ್ಕಿರಲಿಲ್ಲ ಎಂದರು. ಯಜಮಾನರು ಮಗ್ಗ ಬಿಟ್ಟು ಬರಲು ಒಪ್ಪುತ್ತಾರೆಂದು ನಾನು ತಿಳಿದಿರಲಿಲ್ಲ. ಒಪ್ಪಿದರು. ನನಗೂ ಬೇರೆ ಕೆಲಸವಿರಲಿಲ್ಲ. ನಾಲ್ವರೂ ಹೊರಟೆವು. ಈ ಸಲ ಭರಣಿಯನ್ನು ಅಕ್ಕಾರು ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರು ಬಾಯಿ ತೆರೆಯುವ ಮುಂಚೆಯೇ, “ಗೋಕರ್ಣಕ್ಕ ಹೊಂಟೀವ್ರಿ, ದೇವರ ಸಾಮಾನ” ಎಂದುಬಿಟ್ಟರು.

ಕಾರವಾರದಲ್ಲಿ ಮಾಸ್ತರರ ಮನೆ ಸಮುದ್ರಕ್ಕೆ ಹತ್ತಿರ. ಅವರ ತಾಯಿ ನಮಗಾಗಿ ಹೊಸ ಮಡಕೆಯಲ್ಲಿ ಅಡಿಗೆ ಮಾಡಿದರು. ಮನೆಯವರೆಲ್ಲ ನಮ್ಮ ಜೊತೆ ಬೇಳೆಯ ಸಾರನ್ನೇ ಉಂಡರು. ಮರುದಿನವೂ ಹಾಗೆಯೇ. ಅಕ್ಕಾರಿಗೆ ಅದು ತಿಳಿಯದೆ ಇರಲಿಲ್ಲ. ಆ ತಾಯಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ಮಾಸ್ತರರಿಗೆ ಹೇಳಿದರು: “ನಿಮ್ಮವ್ವಗ ಹೇಳ್ರಿ, ನಮ್ಮ ಸಲುವಾಗಿ ಬಾಯಿ ಕಟ್ಟಬ್ಯಾಡ್ರಿ ಅಂತ. ನಾವು ಉಂಡು ಸಮುದ್ರದ ಕಡೆ ಅಡ್ಡಾಡಿ ಬರ್ತೀವಿ. ಅಷ್ಟರಾಗ ನೀವ ನಿಮ್ಮ ಊಟಾ ಮಾಡ್ರಿ.” ತಾಯಿ ನಕ್ಕು ಅಕ್ಕಾರ ಕೈ ಹಿಡಿದುಕೊಂಡರು.

ಏಡಿಗಳನ್ನು ಬಿಟ್ಟದ್ದು ಬಂಡೆಗಳಿರುವ ಕಡೆ, ಇಳಿತದ ಹೊತ್ತಿನಲ್ಲಿ. ಯಜಮಾನರು ಧೋತರ ಮೇಲೆ ಕಟ್ಟಿ ಮೊಣಕಾಲ ನೀರಿಗೆ ಇಳಿದರು. ನಾನು ಮೊದಲ ಸಲ ಸಮುದ್ರ ನೋಡುತ್ತಿದ್ದೆ. ಅದರ ಗದ್ದಲ ನನಗೆ ಅಷ್ಟು ಸೇರಲಿಲ್ಲ. ಮಾಸ್ತರರು ಏಡಿಗಳನ್ನು ಕಲ್ಲಿನ ಗುಳಿಯಲ್ಲಿ ಇಟ್ಟರು. ಅಲ್ಲಿ ಅಂಥವೇ ಶಂಖಗಳು ನೂರಾರು ಹರಿದಾಡುತ್ತಿದ್ದವು. ಒಂದು ತೆರೆ ಬಂದು ಹೋಯಿತು. ಆಮೇಲೆ ನಮ್ಮವು ಯಾವುವೆಂದು ಯಾರಿಗೂ ಗುರುತು ಹತ್ತಲಿಲ್ಲ. ಅಕ್ಕಾರು ಬಗ್ಗಿ ಒಂದೊಂದನ್ನೇ ನೋಡಿದರು, ಸೀರೆಯ ಅಂಚು ತೊಯ್ದದ್ದು ಅವರಿಗೆ ಗೊತ್ತಾಗಲಿಲ್ಲ.

“ಸಾಕ ಬಾ” ಎಂದರು ಯಜಮಾನರು.

“ಎಲ್ಲಾ ಒಂದ ಥರಾ ಅದಾವಲ್ರಿ.”

“ಅದಕ್ಕ ಇಲ್ಲಿ ಬಿಟ್ಟದ್ದು.”

ಗೋಕರ್ಣ ಮುಗಿಸಿ ನಾವು ಮೂವರು ತಿರುಗಿ ಬಂದೆವು. ಮಾಸ್ತರರು ಸೂಟಿಗೆಂದು ಅಲ್ಲೇ ಉಳಿದರು. ಜೂನಿನಲ್ಲಿ ಸಾಲೆ ತೆರೆದಾಗ ಅವರು ಬರಲಿಲ್ಲ. ಕುಮಟೆಯ ಕಡೆ ವರ್ಗವಾಗಿದೆ, ಟ್ರಂಕು ಕಳಿಸಿಕೊಡಿ ಎಂದು ಕಾಗದ ಬಂತು. ಅವರೇ ಅರ್ಜಿ ಹಾಕಿಕೊಂಡಿದ್ದರೋ, ತಾನಾಗಿ ಆಯಿತೋ, ನಾನು ಕೇಳಲಿಲ್ಲ. ಟ್ರಂಕನ್ನು ಬಸ್ಸಿಗೆ ಹಾಕಿ ಬಂದ ದಿನ ಖೋಲಿ ಬಹಳ ದೊಡ್ಡದಾಗಿ ಕಂಡಿತು. ಸಂಜೆ ಪಂಪು ಹುಡುಕಿ ಕೈಗೆ ತೆಗೆದುಕೊಂಡು, ಹಾಗೇ ಕೆಳಗಿಟ್ಟೆ.

ಪೆಟ್ಟಿಗೆಯ ನೀರನ್ನು ಹಿತ್ತಲಿಗೆ ಚೆಲ್ಲಿದರೆ ನುಗ್ಗಿಗಿಡ ಒಣಗುತ್ತದೆಂದು ಯಜಮಾನರೂ ನಾನೂ ಕೊಡಗಳಲ್ಲಿ ಹೊತ್ತು ಊರ ಹೊರಗಿನ ಹಾಳು ಕಲ್ಲಿನ ಮೇಲೆ ಚೆಲ್ಲಿ ಬಂದೆವು. ಅಕ್ಕಾರು ಗಾಜು ತೊಳೆದು ಒರೆಸಿ, ನೇಯಲು ಸುತ್ತಿದ ನೂಲಿನ ಕಂಡಿಕೆಗಳನ್ನು ಅದರಲ್ಲಿ ತುಂಬಿಟ್ಟರು. ಇಲಿ ಮುಟ್ಟುವುದಿಲ್ಲ, ಬಣ್ಣ ಹೊರಗಿಂದಲೇ ಕಾಣುತ್ತದೆ ಎಂದರು. ಮಾಸ್ತರರ ವರ್ಗದ ಸುದ್ದಿ ಹೇಳಿದಾಗ ಕೆಂಪು ಕಂಡಿಕೆಗಳನ್ನು ಹಳದಿಯವುಗಳಿಂದ ಬೇರೆ ಮಾಡುತ್ತಿದ್ದರು. ಕೈ ನಿಲ್ಲಲಿಲ್ಲ.

“ಅಲ್ಲೆ ಅವರಿಗೆ ಚಲೋ ಆಗತೈತಿ ಬಿಡ್ರಿ” ಎಂದರು. ಹಳದಿ ಕಂಡಿಕೆಯೊಂದನ್ನು ಪೆಟ್ಟಿಗೆಯಲ್ಲಿ ಇಟ್ಟು, “ಖೋಲಿಗೆ ಇನ್ನೊಬ್ರ ಬೇಕಲ್ರಿ. ನಿಮ್ಮ ಸಾಲ್ಯಾಗ ಯಾರರ ಹೊಸದಾಗಿ ಬಂದಿದ್ರ ಹೇಳ್ರಿ. ಯಾವ ಊರಾವ್ರಾದ್ರೂ ನಡೀತೈತಿ.”